ಸಂತೆಯ ಅಗ್ಗದ ರೇಡಿಯೋ: ಬಿಚ್ಚಿ ನೋಡಿ, ಪರೀಕ್ಷಿಸಿ, ಸಿಡಿಲಿಗೆ ಮುಂಚೆ ದನ ಬಿಡಿಸಿ

ಹಾಲು ಉತ್ಪಾದಕ ಅಕ್ಕತಂಗಿಯರೇ,

ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ನಮ್ಮ ಕಡೆ ದಿಢೀರನೆ ಮೋಡ ಕಟ್ಟುವುದು ನಿಮಗೆ ಹೊಸದಲ್ಲ. ಆ ಹೊತ್ತಿಗೆ ಆಕಳು, ಎಮ್ಮೆ ಹೊಲದ ಬದುವಿನ ಬೇವಿನ ಮರದ ನೆರಳಿಗೆ ಕಟ್ಟಿರುತ್ತವೆ. ಮರಕ್ಕೆ ಬಿದ್ದ ಸಿಡಿಲು ಅಲ್ಲಿಗೇ ನಿಲ್ಲುವುದಿಲ್ಲ, ಬುಡದ ಸುತ್ತ ನೆಲದೊಳಗೆ ಹರಡುತ್ತದೆ. ನಮ್ಮ ಎರಡು ಪಾದ ಹತ್ತಿರ ಹತ್ತಿರ ಇರುತ್ತವೆ. ದನದ ಮುಂಗಾಲಿಗೂ ಹಿಂಗಾಲಿಗೂ ಒಂದು ಮೀಟರಿಗಿಂತ ಹೆಚ್ಚು ಅಂತರ. ನೆಲದ ವಿದ್ಯುತ್ತು ಒಂದು ಕಾಲಿನಿಂದ ಹತ್ತಿ, ಎದೆ ಹಾದು, ಇನ್ನೊಂದು ಕಾಲಿನಿಂದ ಇಳಿಯುತ್ತದೆ. ಒಂದೇ ಮರದ ಕೆಳಗೆ ಮೂರು ನಾಲ್ಕು ದನ ಒಟ್ಟಿಗೆ ಸಾಯುವುದು ಇದರಿಂದಲೇ.

ಪುಣೆಯ ಹವಾಮಾನ ಸಂಸ್ಥೆಯವರು ಮಾಡಿದ ‘ದಾಮಿನಿ’ ಎಂಬ ಮೊಬೈಲ್ ಆ್ಯಪ್ ಸಿಡಿಲಿನ ಸೂಚನೆ ಕೊಡುತ್ತದೆ. ಒಳ್ಳೆಯದೇ, ಇದ್ದವರು ಹಾಕಿಕೊಳ್ಳಿ. ಆದರೆ ಬಹಳ ಮನೆಗಳಲ್ಲಿ ದೊಡ್ಡ ಫೋನು ಗಂಡನ ಜೊತೆಗೋ ಮಗನ ಜೊತೆಗೋ ಊರು ಬಿಟ್ಟಿರುತ್ತದೆ. ದನದ ಹತ್ತಿರ ಇರುವವರು ನೀವು. ನಿಮ್ಮ ಕೈಗೆ ಎಟಕುವ ಇನ್ನೊಂದು ಸಾಧನ ಸಂತೆಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ ಬಹುಬ್ಯಾಂಡ್ ರೇಡಿಯೋ. ಅಂಥದೊಂದನ್ನು ಬಿಚ್ಚಿ ನೋಡಿ, ಪರೀಕ್ಷಿಸಿ, ಈ ಲೇಖನ ಬರೆದಿದ್ದೇನೆ.

ಮೊದಲು ಬ್ಯಾಂಡಿನ ಮಾತು. ಡಬ್ಬಿಯ ಮೇಲೆ ಎಂಟು ಬ್ಯಾಂಡ್, ಒಂಬತ್ತು ಬ್ಯಾಂಡ್ ಎಂದು ದೊಡ್ಡದಾಗಿ ಬರೆದಿರುತ್ತದೆ. ಅದರಲ್ಲಿ ಒಂದು ಎಫ್‌ಎಂ, ಒಂದು ಮೀಡಿಯಂ ವೇವ್. ಉಳಿದವೆಲ್ಲ ಶಾರ್ಟ್‌ವೇವ್‌ನ ತುಂಡುಗಳು. ಶಾರ್ಟ್‌ವೇವ್‌ನಲ್ಲಿ ಈಗ ನಮಗೆ ಬೇಕಾದ್ದು ಕಡಿಮೆ. ಬಿಬಿಸಿ ಹಿಂದಿಯ ಪ್ರಸಾರ ಕೂಡ ಅಲ್ಲಿ 2020ರ ಜನವರಿಗೆ ನಿಂತಿತು. ಹಾಗಾಗಿ ಬ್ಯಾಂಡ್ ಹೆಚ್ಚಿದೆ ಎಂದು ಹೆಚ್ಚು ದುಡ್ಡು ಕೊಡಬೇಡಿ. ನಮ್ಮ ಕೆಲಸಕ್ಕೆ ಬೇಕಾದದ್ದು ಮೀಡಿಯಂ ವೇವ್ ಒಂದೇ, ಮುಳ್ಳಿನ ಪಟ್ಟಿಯಲ್ಲಿ ‘ಎಂಡಬ್ಲ್ಯೂ’ ಅಥವಾ ‘ಎಎಂ’ ಎಂದಿರುತ್ತದೆ. ಎಫ್‌ಎಂ ಮಾತ್ರ ಇರುವ ಸೆಟ್ಟು ಹಾಡಿಗೆ ಸರಿ, ಸಿಡಿಲಿಗೆ ಆಗುವುದಿಲ್ಲ. ಯಾಕೆಂದು ಮುಂದೆ ಹೇಳುತ್ತೇನೆ.

ಬಿಚ್ಚುವ ಮುಂಚೆ ಸೆಲ್ ತೆಗೆಯಿರಿ. ಕರೆಂಟಿನ ವೈರು ಇರುವ ಸೆಟ್ಟಾದರೆ ಪ್ಲಗ್ ಕಿತ್ತು ಬದಿಗಿಡಿ. ಒಳಗಿನ ಚಾರ್ಜ್ ಬ್ಯಾಟರಿ ಉಬ್ಬಿದ್ದರೆ ಚುಚ್ಚಬೇಡಿ, ಆ ಸೆಟ್ಟೇ ಬೇಡ. ಕೊಟ್ಟಿಗೆಯಲ್ಲಿ ಅಥವಾ ಹೊಟ್ಟಿನ ಚೀಲದ ಹತ್ತಿರ ಕೂತು ಬಿಚ್ಚಲೇಬೇಡಿ. ಜೋಳದ ಕಾಳಿನಷ್ಟು ಸಣ್ಣ ಸ್ಕ್ರೂ ಹಾರಿ ಹೊಟ್ಟಿಗೆ ಬಿದ್ದರೆ ದನದ ಹೊಟ್ಟೆಗೇ ಹೋಗುತ್ತದೆ. ದನ ಮೇವನ್ನು ಆರಿಸಿ ತಿನ್ನುವುದಿಲ್ಲ, ನುಂಗಿಬಿಡುತ್ತದೆ. ತಂತಿ, ಮೊಳೆ ನುಂಗಿ, ಅದು ಹೊಟ್ಟೆಯ ಗೋಡೆ ಚುಚ್ಚಿ ಹೃದಯದ ಚೀಲದ ತನಕ ಹೋದ ಆಕಳನ್ನು ಉಳಿಸುವುದು ಬಹಳ ಕಷ್ಟ. ಮನೆಯೊಳಗೆ, ತಟ್ಟೆಯ ಮೇಲೆ ಇಟ್ಟುಕೊಂಡು ಬಿಚ್ಚಿ.

ಹಿಂದಿನ ಮುಚ್ಚಳ ತೆಗೆದರೆ ಅರ್ಧ ಜಾಗ ಖಾಲಿ. ಹೆದರಬೇಡಿ, ಈಗಿನ ಸೆಟ್ಟಿನ ಮುಖ್ಯ ಕೆಲಸವನ್ನೆಲ್ಲ ಉಗುರಿನಷ್ಟು ಅಗಲದ ಒಂದು ಕಪ್ಪು ಚಿಪ್ಪು ಮಾಡುತ್ತದೆ. ಕಾಣಬೇಕಾದದ್ದು ಕೂದಲೆಳೆಯ ತಾಮ್ರದ ತಂತಿ ಸುತ್ತಿದ ಕಪ್ಪು ಕಡ್ಡಿ. ಇದು ಫೆರೈಟ್ ಕಡ್ಡಿ, ಮೀಡಿಯಂ ವೇವ್‌ನ ಏರಿಯಲ್ ಇದೇ. ಹೊರಗೆ ಎಳೆಯುವ ಉದ್ದ ಕಡ್ಡಿ ಎಫ್‌ಎಂ ಮತ್ತು ಶಾರ್ಟ್‌ವೇವ್‌ಗೆ ಮಾತ್ರ. ಫೆರೈಟ್ ಬಳೆಯ ಹಾಗೆ, ಕೆಳಗೆ ಬಿದ್ದರೆ ಮುರಿಯುತ್ತದೆ. ಎಫ್‌ಎಂ ಚೆನ್ನಾಗಿ ಬಂದು ಮೀಡಿಯಂ ವೇವ್ ಸತ್ತಿದ್ದರೆ ಮೊದಲು ಈ ಕಡ್ಡಿ ಮುರಿದಿದೆಯೋ, ಅದರ ತಂತಿ ಕಡಿದಿದೆಯೋ ನೋಡಿ. ಕಡಿದ ತಂತಿಯನ್ನು ರಿಪೇರಿಯವರು ಐದು ನಿಮಿಷದಲ್ಲಿ ಬೆಸೆಯುತ್ತಾರೆ. ಸೆಲ್ಲಿನ ಸ್ಪ್ರಿಂಗಿಗೆ ಹಸಿರು ಅಥವಾ ಬಿಳಿ ಪುಡಿ ಹಿಡಿದಿದ್ದರೆ ಮರಳು ಕಾಗದದಿಂದ ಉಜ್ಜಿ, ಒಣಬಟ್ಟೆಯಿಂದ ಒರೆಸಿ. ಸತ್ತ ಸೆಟ್ಟುಗಳಲ್ಲಿ ಕೆಲವು ಇಷ್ಟಕ್ಕೇ ಬದುಕುತ್ತವೆ.

ಇನ್ನು ಪರೀಕ್ಷೆ. ಆಕಾಶವಾಣಿ ಕಲಬುರಗಿ 1966ರಿಂದ ಇದೆ, ಅದರ ಮೀಡಿಯಂ ವೇವ್ 1107 ಕಿಲೋಹರ್ಟ್ಸ್. ಪಟ್ಟಿಯಲ್ಲಿ 110 ಅಥವಾ 1100ರ ಹತ್ತಿರ ಹುಡುಕಿ. ಅಗ್ಗದ ಸೆಟ್ಟಿನಲ್ಲಿ ಮುಳ್ಳು ಆ ಕಡೆ ಈ ಕಡೆ ತಪ್ಪಿರುವುದು ಸಾಮಾನ್ಯ, ನಿಲಯ ಸಿಕ್ಕ ಜಾಗಕ್ಕೆ ಉಗುರುಬಣ್ಣದ ಚುಕ್ಕೆ ಇಡಿ. ಅಫಜಲಪುರಕ್ಕೆ ಕಲಬುರಗಿ ಹೆಚ್ಚುಕಡಿಮೆ ಪೂರ್ವಕ್ಕಿದೆ. ಫೆರೈಟ್ ಕಡ್ಡಿ ನಿಲಯಕ್ಕೆ ಅಡ್ಡವಾಗಿದ್ದರೆ ದನಿ ಜೋರು, ಅದರ ಕಡೆ ತುದಿ ಮಾಡಿದರೆ ಸಣ್ಣ. ಸಾಮಾನ್ಯವಾಗಿ ಕಡ್ಡಿ ಸೆಟ್ಟಿನ ಉದ್ದಕ್ಕೇ ಇರುತ್ತದೆ. ಹಾಗಾಗಿ ಸೆಟ್ಟನ್ನು ದಕ್ಷಿಣೋತ್ತರವಾಗಿ ಇಡಿ. ತಿರುಗಿಸಿದಾಗ ದನಿ ಏರಿಳಿದರೆ ಕಡ್ಡಿ ಸರಿ ಇದೆ. ಅಂಗಡಿಯ ಎಲ್‌ಇಡಿ ದೀಪ, ಫೋನಿನ ಚಾರ್ಜರ್ ಹತ್ತಿರ ಗರಗರ ಬರುವುದು ಸೆಟ್ಟಿನ ತಪ್ಪಲ್ಲ. ಹೊರಗೆ ಬಯಲಿಗೆ ತಂದು ಕೇಳಿ.

ಸಿಡಿಲಿನ ಪರೀಕ್ಷೆಗೆ ಅಡುಗೆಮನೆಯ ಗ್ಯಾಸ್ ಲೈಟರ್ ಸಾಕು. ಸೆಟ್ಟನ್ನು ಒಲೆ, ಸಿಲಿಂಡರಿನಿಂದ ದೂರ ತನ್ನಿ. ಮೀಡಿಯಂ ವೇವ್‌ಗೆ ಹಾಕಿ, ಮುಳ್ಳನ್ನು ಸಣ್ಣ ಅಂಕಿಯ ಕಡೆ, ಯಾವ ನಿಲಯವೂ ಇಲ್ಲದ ಜಾಗಕ್ಕೆ ತನ್ನಿ. ಒಂದು ಮೊಳ ದೂರದಲ್ಲಿ ಲೈಟರ್ ಒತ್ತಿದರೆ ‘ಟಪ್’ ಎನ್ನುತ್ತದೆ. ಅದೇ ಸೆಟ್ಟನ್ನು ಎಫ್‌ಎಂಗೆ, ಚೆನ್ನಾಗಿ ಬರುವ ನಿಲಯಕ್ಕೆ ಹಾಕಿ ಒತ್ತಿ, ಹಾಡಿನ ನಡುವೆ ಏನೂ ಗೊತ್ತಾಗುವುದಿಲ್ಲ. ಮೀಡಿಯಂ ವೇವ್ ಅಲೆಯ ಎತ್ತರವನ್ನೇ ದನಿ ಮಾಡುತ್ತದೆ, ಕಿಡಿಯೂ ಆ ಎತ್ತರವನ್ನು ಕೆದಕುತ್ತದೆ. ಎಫ್‌ಎಂ ಸೆಟ್ಟು ಎತ್ತರದ ಏರಿಳಿತವನ್ನು ಕತ್ತರಿಸಿ ಹಾಕುತ್ತದೆ. ಸಿಡಿಲೆಂದರೆ ದೊಡ್ಡ ಕಿಡಿ, ಹತ್ತಾರು ಕಿಲೋಮೀಟರ್ ಆಚೆ ಮಿಂಚಿದರೂ ಈ ಸೆಟ್ಟಿನಲ್ಲಿ ಚಟ್ ಎನ್ನುತ್ತದೆ. ಗುಡುಗು ಅಷ್ಟು ದೂರಕ್ಕೆ ಕೇಳುವುದಿಲ್ಲ. ನಮಗೆ ಸಿಗುವ ಹೊತ್ತು ಅದೇ.

ಬೇಸಿಗೆಯ ಮಧ್ಯಾಹ್ನ ಖಾಲಿ ಜಾಗದಲ್ಲಿ ಸೆಟ್ಟು ಹಚ್ಚಿಡಿ. ಒಂದೊಂದೇ ಚಟ್ ಬಿಡಿಬಿಡಿಯಾಗಿ ಬಂದರೆ ಮಳೆ ದೂರ. ದನಿ ಜೋರಾಗುತ್ತ, ಒಂದರ ಹಿಂದೆ ಒಂದು ಬರತೊಡಗಿದರೆ ಗುಡುಗಿಗೆ ಕಾಯದೆ ದನ ಬಿಡಿಸಿ ಮನೆಗೆ ತನ್ನಿ. ರಾತ್ರಿ ಈ ಲೆಕ್ಕ ನಡೆಯುವುದಿಲ್ಲ. ಕತ್ತಲಾದ ಮೇಲೆ ಮೀಡಿಯಂ ವೇವ್ ಮೇಲಿನ ಆಕಾಶಕ್ಕೆ ಬಡಿದು ಬಹಳ ದೂರದಿಂದ ಬರುತ್ತದೆ. 765ರಲ್ಲಿ ಧಾರವಾಡ ಸ್ಪಷ್ಟವಾಗಿ ಕೇಳುವ ಹಾಗೆ, ನೂರಾರು ಕಿಲೋಮೀಟರ್ ಆಚೆಯ ಸಿಡಿಲೂ ಕೇಳುತ್ತದೆ. ರೇಡಿಯೋ ಸುಮ್ಮನಿದೆ ಎಂದು ಕಣ್ಣೆದುರಿನ ಕರಿಮೋಡವನ್ನೂ ಅಲಕ್ಷಿಸಬೇಡಿ.

ಗುಡುಗು ಕಿವಿಗೆ ಬಿದ್ದ ಮೇಲೆ ದನ ಬಿಡಿಸಲು ಹೊಲಕ್ಕೆ ಓಡಬೇಡಿ. ಇದನ್ನು ಕೈಮುಗಿದು ಹೇಳುತ್ತಿದ್ದೇನೆ. ಮಿಂಚಿಗೂ ಗುಡುಗಿಗೂ ನಡುವೆ 30 ಎಣಿಸುವಷ್ಟು ಹೊತ್ತೂ ಇಲ್ಲದಿದ್ದರೆ ಸಿಡಿಲು 10 ಕಿಲೋಮೀಟರ್ ಒಳಗಿದೆ. ಕೊನೆಯ ಗುಡುಗಿನ ಮೇಲೆ ಅರ್ಧ ಗಂಟೆ ಒಳಗೇ ಇರಿ. ಆಕಳು ಹೋದರೆ ಇನ್ನೊಂದು ಕಟ್ಟಬಹುದು.

ದನ ಸತ್ತಿದ್ದರೆ ಕೂಡಲೇ ಪಶು ಆಸ್ಪತ್ರೆಗೆ ತಿಳಿಸಿ, ನಾವು ಬರುವ ತನಕ ಹೂಳಬೇಡಿ, ಚರ್ಮ ಸುಲಿಯಲು ಬಿಡಬೇಡಿ. ದಿಢೀರ್ ಸಾವು ನೆರಡಿ ರೋಗದಿಂದಲೂ ಆಗುತ್ತದೆ, ಅದು ಮನುಷ್ಯರಿಗೆ ಅಂಟುತ್ತದೆ. ವಿಮೆ ಇದ್ದರೆ ಕಿವಿಯೋಲೆ ಕೀಳಬೇಡಿ, ಅದಿಲ್ಲದೆ ವಿಮೆ ಹಣ ಬರುವುದಿಲ್ಲ.

ನದಿದಂಡೆಯ ಹಳ್ಳಿಯವರಿಗೆ ಈ ಸೆಟ್ಟು ಇನ್ನೊಂದು ಕಾರಣಕ್ಕೂ ಬೇಕು. 2020ರ ಅಕ್ಟೋಬರಿನಲ್ಲಿ ಉಜನಿ ಜಲಾಶಯದಿಂದ ಬಿಟ್ಟ ನೀರಿಗೆ ಭೀಮಾ ಉಕ್ಕಿ ಊರೊಳಗೆ ಬಂದದ್ದು ನಿಮಗೆ ನೆನಪಿದೆ. ಪ್ರವಾಹದಲ್ಲಿ ಕರೆಂಟು ಹೋದರೆ ಫೋನು ಒಂದೆರಡು ದಿನದಲ್ಲಿ ಸಾಯುತ್ತದೆ. ಎರಡು ಸೆಲ್ಲಿನ ರೇಡಿಯೋ ದಿನಗಟ್ಟಲೆ ಸುದ್ದಿ ಹೇಳುತ್ತದೆ.

ಸೆಟ್ಟನ್ನು ಕೊಟ್ಟಿಗೆಯಲ್ಲಿ ತೂಗುಹಾಕಬೇಡಿ, ಗಂಜಲದ ಆವಿ ತಾಮ್ರ ತಿನ್ನುತ್ತದೆ. ಹಾಡಿಗೆ ಹಾಲು ಏರುತ್ತದೆಯೇ ಎಂದು ಬಹಳ ಮಂದಿ ಕೇಳುತ್ತೀರಿ. ಲೀಟರುಗಟ್ಟಲೆ ಏರುವುದಿಲ್ಲ. ಆದರೆ ಹಿಂಡುವಾಗ ದಿಢೀರನೆ ಜೋರು ಸದ್ದಾದರೆ ಆಕಳು ಬೆದರಿ ಸೊರೆ ಬಿಡುವುದನ್ನು ನಿಲ್ಲಿಸುತ್ತದೆ, ಹಾಗಾಗಿ ಹಚ್ಚುವುದಾದರೆ ಸಣ್ಣ ದನಿಯಲ್ಲಿ, ಮೊದಲಿನಿಂದಲೇ ಹಚ್ಚಿ.

ಸೆಟ್ಟು ಪೂರ್ತಿ ಕೆಟ್ಟರೆ ಸ್ಪೀಕರಿನ ಹಿಂದಿನ ಅಯಸ್ಕಾಂತ ತೆಗೆದಿಟ್ಟುಕೊಳ್ಳಿ. ಬಟ್ಟೆಯಲ್ಲಿ ಕಟ್ಟಿ, ದನಕ್ಕೆ ಹಾಕುವ ಮುಂಚೆ ತೊಗರಿ ಹೊಟ್ಟಿನಲ್ಲಿ ಒಮ್ಮೆ ಆಡಿಸಿ. ಮೊಳೆ, ತಂತಿ ಚೂರು ಇದ್ದರೆ ಅದಕ್ಕೆ ಅಂಟಿಕೊಂಡು ಬರುತ್ತದೆ.