ಪ್ರತಿಧ್ವನಿಸದ ಗಟಾರ

ವರದಾ ನದಿ ತುಂಗಭದ್ರೆಯನ್ನು ಕೂಡುವುದು ಗಳಗನಾಥದ ಬಳಿ. ಅಲ್ಲಿನ ಗಳಗೇಶ್ವರ ಗುಡಿ ನೋಡಿ ಹೊಳೆಯತ್ತ ನಡೆಯುವವರಿಗೆ ನೆಲದ ಏರುತಗ್ಗು ಲೆಕ್ಕಕ್ಕೇ ಬರುವುದಿಲ್ಲ. ಬ್ಯಾಟರಿ ಗಾಲಿಕುರ್ಚಿಯಲ್ಲಿ ಬಂದವರಿಗೆ ಪ್ರತಿ ಅಡಿಯೂ ಲೆಕ್ಕವೇ. ಗಂಟೆಗೆ 6 ಕಿ.ಮೀ. ವೇಗವೆಂದರೆ ಸೆಕೆಂಡಿಗೆ ಸುಮಾರು 1.7 ಮೀಟರ್, ಕಲ್ಲು ಕಂಡು ಜಾಯ್‌ಸ್ಟಿಕ್ ಬಿಡುವಷ್ಟರಲ್ಲಿ ಕುರ್ಚಿ ತಾಗಿಯೇ ಬಿಟ್ಟಿರುತ್ತದೆ. ಕುತ್ತಿಗೆ ಹೊರಳದವರಿಗೆ, ಕೈ ನಡುಗುವವರಿಗೆ ಇನ್ನೂ ಕಷ್ಟ.

ಇದಕ್ಕೆ ಅಗ್ಗದ ಉಪಾಯವೆಂದರೆ ಕಾರಿನ ಹಿಂದಿನ ಬಂಪರಿನಲ್ಲಿರುವಂಥ ಶ್ರವಣಾತೀತ ಸಂವೇದಕ. ಸುಮಾರು 40 ಕಿಲೋಹರ್ಟ್ಸ್‌ನ, ನಮ್ಮ ಕಿವಿಗೆ ಕೇಳದ ದನಿ ಹೊರಟು, ಅಡ್ಡ ಸಿಕ್ಕಿದ್ದಕ್ಕೆ ಬಡಿದು ಮರಳುತ್ತದೆ. ಗಾಳಿಯಲ್ಲಿ ದನಿಯ ವೇಗ ಸೆಕೆಂಡಿಗೆ 343 ಮೀಟರ್. ಒಂದು ಮೀಟರ್ ಆಚೆಯ ಗೋಡೆಗೆ ಹೋಗಿ ಬರಲು ಹತ್ತಿರಹತ್ತಿರ 6 ಮಿಲಿಸೆಕೆಂಡ್. ಗೋಡೆಯೇನೋ ಸಿಕ್ಕಿತು. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಗೋಣಿಚೀಲವಾದರೆ ದನಿಯನ್ನು ಬಹುಪಾಲು ನುಂಗಿಬಿಡುತ್ತದೆ. ಓರೆಯಾಗಿ ನಿಂತ ನುಣುಪು ಕಲ್ಲು ಬೇರೆ ದಿಕ್ಕಿಗೆ ಎಸೆಯುತ್ತದೆ. ಎರಡೂ ಸಲ ಯಂತ್ರ ‘ದಾರಿ ಖಾಲಿ’ ಎಂದೀತು.

ಎಲ್ಲಕ್ಕಿಂತ ಮೋಸದ್ದು ಗಟಾರ. ಮುಚ್ಚಳ ಕಿತ್ತುಹೋದ ಗಟಾರ, ಕಟ್ಟೆಯ ಅಂಚು, ಇಳಿಯುವ ಮೆಟ್ಟಿಲು: ಇಲ್ಲದ ನೆಲ ಪ್ರತಿಧ್ವನಿ ಕೊಡುವುದಾದರೂ ಎಲ್ಲಿಂದ? ಅದಕ್ಕೇ ಒಂದು ಸಂವೇದಕವನ್ನು ಕೆಳಕ್ಕೆ ಬಾಗಿಸಿ, ಇಷ್ಟು ದೂರದಲ್ಲಿ ನೆಲ ಸಿಗಬೇಕೆಂದು ಮೊದಲೇ ಹೇಳಿಡಬೇಕು. ನೆಲದ ಉತ್ತರ ತಡವಾದರೆ, ಬಾರದೇ ಹೋದರೆ, ಮೋಟಾರು ನಿಲ್ಲಬೇಕು. ಆದರೆ ಕುರ್ಚಿ ಉಬ್ಬು ಹತ್ತಿ ಮೂತಿ ಮೇಲೆತ್ತಿದರೂ ನೆಲ ದೂರ ಸರಿದಂತೆಯೇ ತೋರುತ್ತದೆ! ಆಗ ವಾಲಿಕೆ ಅಳೆಯುವ ಇನ್ನೊಂದು ಸಂವೇದಕ ಬೇಕು. ಮೊಬೈಲನ್ನು ಅಡ್ಡ ಹಿಡಿದಾಗ ಚಿತ್ರ ತಿರುಗಿಸುವಂಥದ್ದು.

ಅತಿ ಎಚ್ಚರವೂ ಒಂದು ಕಾಟವೇ. 1990ರ ದಶಕದಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ‘ನ್ಯಾವ್‌ಚೇರ್’ ಎಂಬ ಗಾಲಿಕುರ್ಚಿ 12 ಶ್ರವಣಾತೀತ ಸಂವೇದಕಗಳನ್ನು ಹೊತ್ತಿತ್ತು. ಅಡ್ಡಿ ಕಂಡಲ್ಲೆಲ್ಲ ದೂರ ಸರಿಯುವುದೊಂದನ್ನೇ ಕಲಿತ ಕುರ್ಚಿಗೆ ಬಾಗಿಲ ಎರಡೂ ಕಂಬ ಅಡ್ಡಿಯೇ; ಮನೆಯೊಳಗೆ ಹೋಗುವುದು ಹೇಗೆ? ಬಾಗಿಲು ದಾಟಲೆಂದೇ ಅದಕ್ಕೆ ಬೇರೆ ವಿಧಾನ ಕಲಿಸಬೇಕಾಯಿತು. ಊಟದ ಮೇಜಿಗೂ, ಹರಟೆಗೆ ಕುಳಿತ ಗೆಳೆಯನಿಗೂ ಹತ್ತಿರವೇ ಹೋಗಬೇಕಲ್ಲ.

ಬೀಪ್ ಸದ್ದಂತೂ ಬೇಡ. ಸಂತೆಯ ಗದ್ದಲದಲ್ಲಿ ಅದು ಕೇಳಿಸದು, ಗುಡಿಯಲ್ಲಿ ಎಲ್ಲರೂ ತಿರುಗಿ ನೋಡುತ್ತಾರೆ. ಅಡ್ಡಿ ಕಂಡರೆ ವೇಗ ತಗ್ಗಿಸಿ, ಜಾಯ್‌ಸ್ಟಿಕ್ಕಿನಲ್ಲಿ ಸಣ್ಣ ನಡುಕ ಕೊಟ್ಟರೆ ಸಾಕು. ಹೋಗುವುದೋ ಬಿಡುವುದೋ ಕುಳಿತವರಿಗೆ ಬಿಟ್ಟದ್ದು. ಗಟಾರದ ಅಂಚಿನಲ್ಲಿ ಮಾತ್ರ ಕುರ್ಚಿ ಹಟ ಹಿಡಿಯಲಿ.