ಸಂತೆಯ ದಿನದ ಹೋಟೆಲ್ ಊಟ: ಹಲಾಲ್ ಬೋರ್ಡ್ ನೋಡಿದರೆ ಸಾಕೇ?

ಸಂತೆಯ ದಿನ. ಹಳ್ಳಿಯಿಂದ ಮೊದಲ ಬಸ್ಸಿಗೆ ಹೊರಟ ಕುಟುಂಬವೊಂದು ಪೇಟೆಗೆ ಬಂದಿದೆ. ತರಕಾರಿ, ಬೇಳೆ, ಮಕ್ಕಳ ಚಪ್ಪಲಿ, ಬೆಳೆಗೆ ಹೊಡೆಯುವ ಔಷಧಿ ಎಂದು ಸುತ್ತಾಡುವಷ್ಟರಲ್ಲಿ ಝುಹರ್ ಅಝಾನ್ ಆಗುತ್ತದೆ. "ಅಮ್ಮೀ, ಹಸಿವು" ಎಂದು ಮಕ್ಕಳು ಸೆರಗು ಜಗ್ಗತೊಡಗುತ್ತವೆ. ಬಸ್ ನಿಲ್ದಾಣದ ಎದುರಿಗೇ ಒಂದು ಬಿರಿಯಾನಿ ಹೋಟೆಲ್. ಬೋರ್ಡಿನ ಮೇಲೆ ದೊಡ್ಡದಾಗಿ 'ಹಲಾಲ್' ಎಂದು ಬರೆದಿದೆ. ಮನಸ್ಸು ನಿರಾಳವಾಗುತ್ತದೆ. ಬಿಸ್ಮಿಲ್ಲಾಹ್ ಹೇಳಿ ಊಟ ಮುಗಿಸಿ, ಸಂಜೆ ಮನೆ ಸೇರುತ್ತಾರೆ. ರಾತ್ರಿ ಚಿಕ್ಕ ಮಗುವಿಗೆ ವಾಂತಿ ಶುರುವಾಗುತ್ತದೆ, ನಸುಕಿನ ಹೊತ್ತಿಗೆ ಭೇದಿ. ಹಳ್ಳಿಯಲ್ಲಿ ಆ ಹೊತ್ತಿಗೆ ಬಸ್ಸೂ ಇಲ್ಲ, ಆಟೋ ಕೂಡ ಇಲ್ಲ.

ಇದು ನಮ್ಮಲ್ಲಿ ಅನೇಕ ಮನೆಗಳು ಕಂಡ ರಾತ್ರಿ. ತಪ್ಪು ಎಲ್ಲಿ ಆಯಿತು? ಆ ಬೋರ್ಡ್ ಸುಳ್ಳು ಹೇಳಿರಲಿಲ್ಲ. ಆದರೆ ಅದು ಒಂದೇ ಪ್ರಶ್ನೆಗೆ ಉತ್ತರ ಕೊಟ್ಟಿತ್ತು. ಎರಡನೆಯ ಪ್ರಶ್ನೆಯನ್ನು ನಾವು ಕೇಳಲೇ ಇಲ್ಲ.

ಹಲಾಲ್ ಜೊತೆಗೆ ತಯ್ಯಿಬ್

ಪವಿತ್ರ ಕುರ್‌ಆನ್ ಆಹಾರದ ಕುರಿತು ಹೇಳುವಾಗ ಹಲಾಲ್ ಎಂಬ ಪದದ ಜೊತೆಗೆ ತಯ್ಯಿಬ್ ಎಂಬ ಪದವನ್ನೂ ಬಳಸುತ್ತದೆ. ತಯ್ಯಿಬ್ ಎಂದರೆ ಶುದ್ಧವಾದದ್ದು, ಉತ್ತಮವಾದದ್ದು. ಪ್ರಾಣಿಯನ್ನು ಸರಿಯಾದ ಕ್ರಮದಲ್ಲಿ ಝಬಹ್ ಮಾಡಲಾಗಿದೆಯೇ ಎಂಬುದು ಒಂದು ವಿಷಯ. ಆ ಮಾಂಸವನ್ನು ಯಾವ ನೀರಿನಲ್ಲಿ ತೊಳೆದರು, ಎಷ್ಟು ಹೊತ್ತು ಹೊರಗಿಟ್ಟರು, ಯಾವ ಕೈಯಿಂದ ಬಡಿಸಿದರು ಎಂಬುದು ಇನ್ನೊಂದು ವಿಷಯ. ಆಹಾರ ಮತ್ತು ನೀರಿನ ಪಾತ್ರೆಗಳನ್ನು ಮುಚ್ಚಿಡಬೇಕು, ಕುಡಿಯುವ ಪಾತ್ರೆಯೊಳಗೆ ಉಸಿರು ಬಿಡಬಾರದು ಎಂದು ಪ್ರವಾದಿ(ಸ)ರವರು ಕಲಿಸಿದ್ದಾರೆ. ಮನೆಯಲ್ಲಿ ಇದನ್ನೆಲ್ಲ ಪಾಲಿಸುವ ನಾವು ಹೋಟೆಲಿನ ಮೆಟ್ಟಿಲು ಹತ್ತಿದೊಡನೆ ಮರೆತುಬಿಡುತ್ತೇವೆ.

ಇನ್ನೊಂದು ಮಾತು. ಹೋಟೆಲಿನ ಶುಚಿತ್ವವನ್ನು ಅದರ ಮಾಲೀಕರ ಹೆಸರಿನಿಂದ ಅಳೆಯಬೇಡಿ. ನಮ್ಮವರದು ಎಂಬ ಕಾರಣಕ್ಕೆ ಕಣ್ಣು ಮುಚ್ಚಿ ನಂಬುವುದೂ ತಪ್ಪು, ಇತರರದು ಎಂಬ ಕಾರಣಕ್ಕೆ ಸಂಶಯಪಡುವುದೂ ತಪ್ಪು. ಸಸ್ಯಾಹಾರಿ ಹೋಟೆಲ್ ಆದ ಮಾತ್ರಕ್ಕೆ ಅಪಾಯ ಇಲ್ಲವೆಂದೂ ಅಲ್ಲ. ರೋಗಾಣುವಿಗೆ ಜಾತಿ ಧರ್ಮದ ಗುರುತಿಲ್ಲ. ಅದು ಕೊಳಕು ನೀರು, ತೊಳೆಯದ ಕೈ ಮತ್ತು ಆರಿದ ಅನ್ನವನ್ನು ಮಾತ್ರ ಹುಡುಕುತ್ತದೆ.

ಬೇಯಿಸಿದ ಊಟ ಕೆಡುವುದು ಹೇಗೆ?

ಸಂತೆಯ ದಿನ ಹೋಟೆಲಿಗೆ ಉಳಿದ ದಿನಗಳಿಗಿಂತ ಬಹಳ ಹೆಚ್ಚು ಗಿರಾಕಿಗಳು ಬರುತ್ತಾರೆ. ಆದ್ದರಿಂದ ಅಡುಗೆ ನಸುಕಿನಲ್ಲೇ ಆಗಿರುತ್ತದೆ. ಐದು ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿರುವ ಅಥವಾ ಅರವತ್ತು ಡಿಗ್ರಿಗಿಂತ ಬಿಸಿಯಾಗಿರುವ ಆಹಾರದಲ್ಲಿ ರೋಗಾಣುಗಳು ಸುಲಭವಾಗಿ ಬೆಳೆಯುವುದಿಲ್ಲ. ಇವೆರಡರ ನಡುವಿನ ಉಗುರುಬೆಚ್ಚಗಿನ ಸ್ಥಿತಿಯೇ ಅಪಾಯದ್ದು. ಬೇಯಿಸಿದ ಆಹಾರ ಈ ಸ್ಥಿತಿಯಲ್ಲಿ ಎರಡು ಗಂಟೆಗಿಂತ ಹೆಚ್ಚು ಇರಬಾರದು. ನಮ್ಮ ಬೇಸಿಗೆಯಲ್ಲಿ ಇನ್ನೂ ಬೇಗ ಕೆಡುತ್ತದೆ.

ಅನ್ನದ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಬೇಯಿಸಿದರೂ ಸಾಯುವುದಿಲ್ಲ. ಅನ್ನ ಆರಿ ಹೊರಗೇ ಉಳಿದಾಗ ಅವು ಮೊಳೆತು ವಿಷವನ್ನು ಉಂಟುಮಾಡುತ್ತವೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಬೆಳಿಗ್ಗೆಯ ಉಳಿದ ಅನ್ನವನ್ನು ಸಂಜೆ ಬಾಣಲೆಗೆ ಹಾಕಿ ಎಗ್ ರೈಸ್ ಮಾಡಿದಾಗ ಹೊಗೆಯಾಡುವುದನ್ನು ಕಂಡು ಮೋಸ ಹೋಗಬಾರದು ಎನ್ನುವುದು ಇದಕ್ಕಾಗಿಯೇ. ಗಾಯವಾದ ಅಥವಾ ಮೂಗು ಒರೆಸಿದ ಕೈಯಿಂದ ಆಹಾರಕ್ಕೆ ಸೇರುವ ಸ್ಟಫೈಲೋಕಾಕಸ್ ಎಂಬ ಬ್ಯಾಕ್ಟೀರಿಯಾದ ವಿಷವೂ ಇದೇ ರೀತಿಯದು.

ಕುಳಿತುಕೊಳ್ಳುವ ಮುನ್ನ ಎರಡು ನಿಮಿಷ

ಹೋಟೆಲಿಗೆ ಹೋದೊಡನೆ ಆರ್ಡರ್ ಕೊಡಬೇಡಿ. ಮೊದಲು ಕೈ ತೊಳೆಯುವ ಜಾಗಕ್ಕೆ ಹೋಗಿ. ಅಲ್ಲಿ ಹರಿಯುವ ನೀರು ಮತ್ತು ಸಾಬೂನು ಇದೆಯೇ? ಗಿರಾಕಿಗೇ ಸಾಬೂನು ಇಡದ ಹೋಟೆಲಿನ ಅಡುಗೆಮನೆಯಲ್ಲಿ ಸಾಬೂನು ಇರುತ್ತದೆಂದು ನಂಬುವುದು ಕಷ್ಟ. ಬಳಿಕ ಲೋಟ, ತಟ್ಟೆ ತೊಳೆಯುವ ಕಡೆ ಒಮ್ಮೆ ನೋಡಿ. ಒಂದೇ ಬಕೆಟ್ಟಿನ ನೀರಿನಲ್ಲಿ ಎಲ್ಲ ಲೋಟಗಳನ್ನೂ ಅದ್ದಿ ತೆಗೆಯುತ್ತಿದ್ದರೆ ಅದು ತೊಳೆದಂತಲ್ಲ. ಒಬ್ಬರ ಎಂಜಲು ಇನ್ನೊಬ್ಬರಿಗೆ ತಲುಪಿಸಿದಂತೆ. ಟೇಬಲ್ ಒರೆಸುವ ಬಟ್ಟೆಯಿಂದಲೇ ತಟ್ಟೆಯನ್ನೂ ಒರೆಸುತ್ತಿದ್ದಾರೆಯೇ? ನೋಟು ಎಣಿಸಿದ ಕೈಯಿಂದಲೇ ಈರುಳ್ಳಿ ಬಡಿಸುತ್ತಿದ್ದಾರೆಯೇ? ತಿಂಡಿಗಳನ್ನು ಮುಚ್ಚಿಟ್ಟಿದ್ದಾರೆಯೇ?

ಗೋಡೆಯ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಪರವಾನಗಿ ಅಥವಾ ನೋಂದಣಿ ಸಂಖ್ಯೆ ಇರಬೇಕು. 2006ರ ಆಹಾರ ಸುರಕ್ಷತಾ ಕಾಯ್ದೆಯ ಪ್ರಕಾರ ತಳ್ಳುಗಾಡಿಯವರಿಗೂ ನೋಂದಣಿ ಅಗತ್ಯ. ಆ ಸಂಖ್ಯೆ ಇದ್ದ ಮಾತ್ರಕ್ಕೆ ಶುಚಿತ್ವ ಖಾತ್ರಿಯಾಗುವುದಿಲ್ಲ, ಆದರೆ ದೂರು ಕೊಡಬೇಕಾಗಿ ಬಂದರೆ ಅದು ನಮ್ಮ ಕೈಯಲ್ಲಿರುವ ಆಧಾರ.

ಗಿರಾಕಿಗಳು ತುಂಬಿರುವ ಹೋಟೆಲನ್ನು ಆರಿಸುವುದು ಹಳೆಯ ಜಾಣತನ. ಅಲ್ಲಿ ಅಡುಗೆ ಬೇಗ ಖರ್ಚಾಗುತ್ತದೆ, ಉಳಿದು ಆರುವುದಿಲ್ಲ. ಸಾಧ್ಯವಾದರೆ ಝುಹರ್‌ಗೆ ಮುಂಚೆಯೇ ಊಟ ಮುಗಿಸಿ. ಮಧ್ಯಾಹ್ನ ಮೂರರ ಬಳಿಕ ಹಂಡೆಯ ತಳದಲ್ಲಿ ಉಳಿದಿರುವುದನ್ನು ತಿನ್ನುವುದು ಬೇಡ.

ನೀರೇ ಮೊದಲ ಅಪಾಯ

ಟೈಫಾಯ್ಡ್, ಕಾಲರಾ ಮತ್ತು ಕಾಮಾಲೆ ತರುವ ಹೆಪಟೈಟಿಸ್ 'ಎ' ಹಾಗೂ 'ಇ' ಇವೆಲ್ಲ ಮಲಿನ ನೀರು ಮತ್ತು ಆಹಾರದ ಮೂಲಕ ಹರಡುತ್ತವೆ. ಇವು ಅಂದೇ ಕಾಣಿಸಿಕೊಳ್ಳಬೇಕೆಂದಿಲ್ಲ. ಟೈಫಾಯ್ಡ್ ಸಾಮಾನ್ಯವಾಗಿ ಒಂದರಿಂದ ಮೂರು ವಾರಗಳಲ್ಲಿ, ಹೆಪಟೈಟಿಸ್ 'ಎ' ಎರಡರಿಂದ ಏಳು ವಾರಗಳಲ್ಲಿ ಹೊರಬೀಳುತ್ತದೆ. ಅಷ್ಟರಲ್ಲಿ ಯಾವ ಹೋಟೆಲಿನ ಯಾವ ಲೋಟದ ನೀರು ಎಂಬುದು ಯಾರ ನೆನಪಿನಲ್ಲೂ ಇರುವುದಿಲ್ಲ. ಹೆಪಟೈಟಿಸ್ 'ಇ' ಗರ್ಭಿಣಿಯರಿಗೆ, ಅದರಲ್ಲೂ ಕೊನೆಯ ತಿಂಗಳುಗಳಲ್ಲಿ, ಪ್ರಾಣಾಪಾಯ ತರಬಲ್ಲದು. ಆದ್ದರಿಂದ ಮನೆಯಲ್ಲಿ ಗರ್ಭಿಣಿ ಇದ್ದರೆ ಅವರಿಗೆ ಹೊರಗಿನ ನೀರು ಖಂಡಿತ ಬೇಡ.

ಪರಿಹಾರ ಸರಳ. ಮನೆಯಿಂದಲೇ ಕುದಿಸಿ ಆರಿಸಿದ ನೀರನ್ನು ತಲೆಗೊಂದು ಬಾಟಲಿಯಂತೆ ಒಯ್ಯಿರಿ. ಮುಗಿದರೆ ಹೋಟೆಲಿನಲ್ಲಿ ಕುದಿಸಿದ ಬಿಸಿನೀರು ಕೇಳಿ ಅಥವಾ ಸೀಲು ಒಡೆಯದ ಬಾಟಲಿ ಕೊಳ್ಳಿ. ಟೇಬಲ್ಲಿನ ಜಗ್ಗಿಗೆ ಕೈಬೆರಳು ಅದ್ದಿ ಲೋಟಗಳನ್ನು ಎತ್ತಿ ತರುವುದನ್ನು ಕಂಡರೆ ಆ ನೀರು ಬೇಡ. ಕಬ್ಬಿನಹಾಲು, ಶರಬತ್ತು, ಮಜ್ಜಿಗೆಗೆ ಹಾಕುವ ಮಂಜುಗಡ್ಡೆ ಹೆಚ್ಚಾಗಿ ಮೀನು ಇಡಲು ತಂದ ಮಂಜುಗಡ್ಡೆಯಂತೆಯೇ ಗೋಣಿಚೀಲದಲ್ಲಿ ಬರುತ್ತದೆ. ಐಸ್ ಇಲ್ಲದೆ ಕೊಡಲು ಹೇಳಿ. ಕುದಿಯುವ ಚಹಾ ಇವೆಲ್ಲಕ್ಕಿಂತ ಸುರಕ್ಷಿತ, ಲೋಟ ಶುದ್ಧವಾಗಿದ್ದರೆ.

ಯಾವುದನ್ನು ತಿನ್ನಬಹುದು, ಯಾವುದು ಬೇಡ?

ಕಣ್ಣೆದುರಿಗೇ ಬಿಸಿಯಾಗಿ ಇಳಿಯುವ ದೋಸೆ, ಹಬೆಯಾಡುವ ಇಡ್ಲಿ, ಆಗತಾನೆ ಸುಟ್ಟ ರೊಟ್ಟಿ, ಕುದಿಯುವ ಸಾರು, ಮುಚ್ಚಳ ತೆಗೆದಾಗ ಹಬೆ ಬರುವ ದಮ್ ಬಿರಿಯಾನಿ, ಬೇಯಿಸಿದ ಮೊಟ್ಟೆ, ನಾವೇ ಸಿಪ್ಪೆ ಸುಲಿಯುವ ಬಾಳೆಹಣ್ಣು, ಕಿತ್ತಳೆ ಇವುಗಳನ್ನು ಧೈರ್ಯವಾಗಿ ತಿನ್ನಬಹುದು. ಬೆಳಿಗ್ಗೆ ರುಬ್ಬಿದ ತೆಂಗಿನಕಾಯಿ ಚಟ್ನಿ ಮಧ್ಯಾಹ್ನಕ್ಕೆ ಬೇಡ. ಹೆಚ್ಚಿಟ್ಟ ಈರುಳ್ಳಿ, ಸೌತೆಕಾಯಿ, ಕೋಸಂಬರಿ, ಕತ್ತರಿಸಿಟ್ಟ ಹಣ್ಣು ಬೇಡ. ಕೋಳಿ ಕತ್ತರಿಸಿದ ಹಲಗೆಯ ಮೇಲೆಯೇ ಇವನ್ನು ಹೆಚ್ಚುವುದು ಅನೇಕ ಅಡುಗೆಮನೆಗಳ ಕೆಟ್ಟ ರೂಢಿ. ಕೋಳಿ ತುಂಡಿನ ಎಲುಬಿನ ಬಳಿ ಇನ್ನೂ ಕೆಂಪು ರಸ ಕಂಡರೆ ಸಂಕೋಚಪಡದೆ ಹಿಂದಕ್ಕೆ ಕಳುಹಿಸಿ.

ಈಗ ಸಣ್ಣ ಪೇಟೆಗಳಿಗೂ ಶವರ್ಮಾ ಬಂದಿದೆ. 2022ರ ಮೇ ತಿಂಗಳಲ್ಲಿ ನಮ್ಮ ನೆರೆಯ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮಾ ತಿಂದು ಹಲವರು ಅಸ್ವಸ್ಥರಾದರು, ಒಬ್ಬ ವಿದ್ಯಾರ್ಥಿನಿ ಪ್ರಾಣ ಕಳೆದುಕೊಂಡಳು. ಶಿಗೆಲ್ಲಾ ಎಂಬ ಬ್ಯಾಕ್ಟೀರಿಯಾ ಕಾರಣವೆಂದು ಪತ್ತೆಯಾಯಿತು. ಹಸಿ ಮೊಟ್ಟೆಯಿಂದ ಮಾಡುವ ಮಯೋನೈಸ್ ಅನ್ನು ಕೇರಳ 2023ರಲ್ಲಿ ನಿಷೇಧಿಸಿತು. ಮಾಂಸದ ಹೊರಪದರ ಮಾತ್ರ ಬೆಂದು ಒಳಗೆ ಹಸಿಯಾಗಿ ಉಳಿಯುವುದು, ವಿದ್ಯುತ್ ಹೋದಾಗ ಫ್ರಿಜ್ ಬೆಚ್ಚಗಾಗುವುದು ಇಲ್ಲಿನ ಮುಖ್ಯ ಅಪಾಯ. ಮಕ್ಕಳು ಹಠ ಮಾಡಿದರೂ ಬೇಸಿಗೆಯಲ್ಲಿ ಇದು ಬೇಡವೆನ್ನಿ.

ಕಣ್ಣು ಕುಕ್ಕುವ ಕೆಂಪು

ಗೋಬಿ ಮಂಚೂರಿ, ಕಬಾಬ್‌ಗಳ ಕಡುಗೆಂಪು ಬಣ್ಣ ಮೆಣಸಿನಕಾಯಿಯದ್ದೇ ಆಗಿರಬೇಕೆಂದಿಲ್ಲ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರಕಾರ ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣವನ್ನು ನಿಷೇಧಿಸಿತು. ಆಗ ಪರೀಕ್ಷಿಸಿದ 171 ಮಾದರಿಗಳಲ್ಲಿ 107 ಅಸುರಕ್ಷಿತವಾಗಿದ್ದವು. ಅದೇ ವರ್ಷ ಜೂನ್‌ನಲ್ಲಿ ಕಬಾಬ್‌ಗೂ ಈ ನಿಷೇಧ ವಿಸ್ತರಿಸಿತು. ಪತ್ತೆಯಾದ ಬಣ್ಣಗಳಲ್ಲಿ ಒಂದಾದ ರೋಡಮೈನ್-ಬಿ ಬಟ್ಟೆಗೆ ಹಾಕುವ ಬಣ್ಣ, ಅದನ್ನು ಆಹಾರಕ್ಕೆ ಬಳಸಲು ಅನುಮತಿಯೇ ಇಲ್ಲ. ನಮ್ಮ ಬ್ಯಾಡಗಿ ಮೆಣಸಿನಕಾಯಿಯೇ ಬಣ್ಣಕ್ಕೆ ಹೆಸರಾದದ್ದು, ಖಾರವೂ ಕಡಿಮೆ. ಆದರೆ ಅದು ಎಣ್ಣೆಯಲ್ಲಿ ಕರಿದಾಗ ಸ್ವಲ್ಪ ಕಂದು ಛಾಯೆಗೆ ತಿರುಗುತ್ತದೆ. ಬೆರಳಿಗೆ ಹತ್ತಿದ ಕೆಂಪು ಸಾಬೂನಿಗೂ ಹೋಗದಿದ್ದರೆ ಸಂಶಯಪಡಿ. ಹಾಗೆಯೇ ಬಜ್ಜಿ ಕರಿಯುವ ಬಾಣಲೆಯ ಎಣ್ಣೆ ಕಪ್ಪಾಗಿ, ಮಂದವಾಗಿ, ನೊರೆ ಬರುತ್ತಿದ್ದರೆ ಅದನ್ನು ಹಲವು ಬಾರಿ ಕಾಯಿಸಲಾಗಿದೆ ಎಂದು ತಿಳಿಯಿರಿ.

ಪಾರ್ಸೆಲ್ ಕಟ್ಟಿಸುವಾಗ

ಬಿಸಿ ಸಾಂಬಾರು, ಚಹಾವನ್ನು ತೆಳು ಪ್ಲಾಸ್ಟಿಕ್ ಚೀಲಕ್ಕೆ ಸುರಿಸಿಕೊಳ್ಳುವುದು ನಮಗೆಲ್ಲ ರೂಢಿಯಾಗಿದೆ. ಬಿಸಿಗೆ ಪ್ಲಾಸ್ಟಿಕ್‌ನಲ್ಲಿರುವ ರಾಸಾಯನಿಕಗಳು ಆಹಾರಕ್ಕೆ ಇಳಿಯುತ್ತವೆ. ಇಡ್ಲಿ ಬೇಯಿಸಲು ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಬಳಸುವುದು ಕಂಡುಬಂದ ಕಾರಣ 2025ರಲ್ಲಿ ನಮ್ಮ ರಾಜ್ಯದಲ್ಲಿ ಅದನ್ನೂ ನಿಷೇಧಿಸಲಾಯಿತು. ಬಜ್ಜಿ, ಬೋಂಡಾಗಳನ್ನು ಪತ್ರಿಕೆಯ ಹಾಳೆಯಲ್ಲಿ ಕಟ್ಟುವುದೂ ನಿಯಮಕ್ಕೆ ವಿರುದ್ಧ. ಮುದ್ರಣದ ಶಾಯಿ ಎಣ್ಣೆಗೆ ಅಂಟಿ ಹೊಟ್ಟೆಗೆ ಹೋಗುತ್ತದೆ. ಆ ಹಾಳೆಯಲ್ಲಿ ಅಲ್ಲಾಹನ ಹೆಸರೂ ಇದ್ದು ಅದು ಚರಂಡಿ ಸೇರುವ ನೋವು ಬೇರೆ. ಸಂತೆಯ ಚೀಲದಲ್ಲಿ ಒಂದು ಸ್ಟೀಲ್ ಡಬ್ಬಿ ಇಟ್ಟುಕೊಂಡರೆ ಎರಡೂ ಸಮಸ್ಯೆ ತೀರುತ್ತದೆ.

ಸಹೋದರಿಯರು ಹೇಳದ ಸಂಕಟ

ಪೇಟೆಗೆ ಹೋಗುವ ದಿನ ಅನೇಕ ಸಹೋದರಿಯರು ಬೆಳಿಗ್ಗೆಯಿಂದ ನೀರೇ ಕುಡಿಯುವುದಿಲ್ಲ. ಶುಚಿಯಾದ ಶೌಚಾಲಯ ಸಿಗುವುದಿಲ್ಲವೆಂಬ ಭಯ. ಬಿಸಿಲಿನಲ್ಲಿ ಬುರ್ಖಾ ತೊಟ್ಟು, ಮಗುವನ್ನು ಎತ್ತಿಕೊಂಡು, ನೀರಿಲ್ಲದೆ ಆರೇಳು ಗಂಟೆ ಓಡಾಡಿದರೆ ತಲೆನೋವು, ಉರಿಮೂತ್ರ ಬರುವುದು ಸಹಜ. ಮೂತ್ರ ತಡೆದುಕೊಳ್ಳುವುದರಿಂದ ಸೋಂಕಿನ ಸಾಧ್ಯತೆ ಹೆಚ್ಚುತ್ತದೆ. ಮನೆಯ ಗಂಡಸರೇ, ಹೋಟೆಲ್ ಆರಿಸುವಾಗ ಫ್ಯಾಮಿಲಿ ರೂಮಿನ ಪರದೆಯನ್ನಷ್ಟೇ ನೋಡಬೇಡಿ. ನೀರು ಇರುವ, ಚಿಲಕ ಹಾಕಬಹುದಾದ ಶೌಚಾಲಯ ಇದೆಯೇ ಎಂದು ನೀವೇ ಮೊದಲು ವಿಚಾರಿಸಿ. ಸಂತೆಯ ದಿನವಾದರೂ ಮಹಿಳೆಯರ ವುಝೂ ಮತ್ತು ಶೌಚಕ್ಕೆ ಒಂದು ಕೋಣೆ ತೆರೆದಿಡಲು ಪೇಟೆಯ ಮಸೀದಿ ಕಮಿಟಿಗಳು ಮನಸ್ಸು ಮಾಡಿದರೆ ಅದು ದೊಡ್ಡ ಸೇವೆ.

ಕಾಯಿಲೆ ಬಿದ್ದರೆ

ವಾಂತಿ ಭೇದಿಯಲ್ಲಿ ಪ್ರಾಣಕ್ಕೆ ಕುತ್ತು ತರುವುದು ಹೆಚ್ಚಾಗಿ ದೇಹದಿಂದ ನೀರು, ಲವಣ ಹೋಗುವುದು. ಒಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿನಲ್ಲಿ ಕರಗಿಸಿ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ. ಉಪ್ಪು ಹೆಚ್ಚಾಗಬಾರದು. ಗುಟುಕು ಗುಟುಕಾಗಿ ಕೊಡುತ್ತಿರಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಕೊಡಿ. ಎದೆಹಾಲು ನಿಲ್ಲಿಸಬೇಡಿ. ಮಕ್ಕಳ ಭೇದಿಗೆ 14 ದಿನ ಝಿಂಕ್ ಕೊಡಬೇಕಾಗುತ್ತದೆ, ಪ್ರಮಾಣವನ್ನು ಆಶಾ ಕಾರ್ಯಕರ್ತೆ ಅಥವಾ ವೈದ್ಯರಲ್ಲಿ ಕೇಳಿ. ಅಂಗಡಿಯಿಂದ ಭೇದಿ ನಿಲ್ಲಿಸುವ ಮಾತ್ರೆ ತಂದು ಮಕ್ಕಳಿಗೆ ನುಂಗಿಸಬೇಡಿ.

ಕಣ್ಣು ಗುಳಿಬಿದ್ದರೆ, ಅತ್ತಾಗ ಕಣ್ಣೀರು ಬರದಿದ್ದರೆ, ಆರು ಗಂಟೆ ಮೂತ್ರವಾಗದಿದ್ದರೆ, ಮಲದಲ್ಲಿ ರಕ್ತ ಕಂಡರೆ, ಮಗು ಮಂಕಾಗಿ ಮಲಗಿದರೆ ಬೆಳಗಾಗುವುದನ್ನು ಕಾಯಬೇಡಿ. 108ಕ್ಕೆ ಕರೆ ಮಾಡಿ. ರಮಝಾನ್‌ನಲ್ಲಿ ಹೀಗಾದರೆ ರೋಗಿಗೆ ಉಪವಾಸ ಬಿಟ್ಟು ಬಳಿಕ ಪೂರೈಸುವ ರಿಯಾಯಿತಿ ಇದೆ, ಹಠ ಹಿಡಿಯುವುದು ಬೇಡ.

ಹೋಟೆಲ್ ನಡೆಸುವ ಸಹೋದರರಿಗೆ

ಈ ಪುಟ ಓದುವವರಲ್ಲಿ ಹೋಟೆಲ್, ಕಬಾಬ್ ಗಾಡಿ, ಚಾದಂಗಡಿ ನಡೆಸುವವರೂ ಇದ್ದೀರಿ. ಸಂತೆಯ ದಿನದ ಗಡಿಬಿಡಿ, ಕೆಲಸದವರ ಕೊರತೆ, ಗ್ಯಾಸಿನ ಬೆಲೆ ಎಲ್ಲವೂ ನಿಮಗೇ ಗೊತ್ತು. ಆದರೂ ನಲ್ಲಿಯ ಬಳಿ ಒಂದು ಸಾಬೂನು, ಹಸಿ ಮಾಂಸಕ್ಕೆ ಬೇರೆ ಹಲಗೆ ಮತ್ತು ಚೂರಿ, ಕುಡಿಯುವ ನೀರಿಗೆ ಉದ್ದ ಹಿಡಿಯ ಸೌಟು, ಬಿರಿಯಾನಿಯನ್ನು ಒಂದೇ ದೊಡ್ಡ ಹಂಡೆಯ ಬದಲು ಎರಡು ಸಲ ಮಾಡುವುದು ಇವಕ್ಕೆ ಹೆಚ್ಚು ಖರ್ಚಿಲ್ಲ. ವಾಂತಿ ಭೇದಿ ಇರುವ ಕೆಲಸಗಾರನಿಗೆ ರಜೆ ಕೊಡಿ, ಆ ದಿನದ ಕೂಲಿಯನ್ನೂ ಕೊಡಿ. ಕೂಲಿ ಹೋಗುತ್ತದೆಂಬ ಭಯದಿಂದಲೇ ಅವನು ಕಾಯಿಲೆ ಮುಚ್ಚಿಟ್ಟು ಬಡಿಸಲು ನಿಲ್ಲುತ್ತಾನೆ. ವರ್ಷಕ್ಕೊಮ್ಮೆ ಕೆಲಸಗಾರರ ವೈದ್ಯಕೀಯ ತಪಾಸಣೆ ಮಾಡಿಸುವುದು ನಿಯಮವೂ ಹೌದು.

ಗಿರಾಕಿಗಳಾದ ನಾವು ಕೊರತೆ ಕಂಡಾಗ ಮೊದಲು ವೀಡಿಯೊ ಮಾಡಿ ವಾಟ್ಸಾಪಿಗೆ ಹಾಕಬಾರದು. ಮಾಲೀಕರನ್ನು ಬದಿಗೆ ಕರೆದು ಸೌಜನ್ಯದಿಂದ ಹೇಳೋಣ. ತಿದ್ದಿಕೊಳ್ಳದಿದ್ದರೆ ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗೆ ದೂರು ಕೊಡೋಣ. "ಸಾಬೂನು ಇಡಿ ಭಾಯಿ" ಎಂದು ಒಬ್ಬರು ಹೇಳಿದರೆ ಮರೆತುಬಿಡಬಹುದು. ಪ್ರತಿ ಸಂತೆಯಲ್ಲೂ ಹತ್ತು ಕುಟುಂಬಗಳು ಹೇಳಿದರೆ ಮುಂದಿನ ವಾರ ನಲ್ಲಿಯ ಬಳಿ ಸಾಬೂನು ಇರುತ್ತದೆ, ಇನ್‌ಶಾ ಅಲ್ಲಾಹ್.