ಕರಗಲೆಂದೇ ಕೂರಿಸುವ ಬಿಡಿಭಾಗ

ಮಂಗಳೂರಿನ ಬೋಳೂರಿನಲ್ಲಿರುವ ಸುಲ್ತಾನ್ ಬತ್ತೇರಿಯ ಮೆಟ್ಟಿಲು ಹತ್ತಿ ನಿಂತರೆ ಕೆಳಗೆ ಫಲ್ಗುಣಿ ನದಿ, ಆಚೆ ದಡದಲ್ಲಿ ತಣ್ಣೀರುಬಾವಿ. ಶತ್ರುವಿನ ಯುದ್ಧನೌಕೆ ನದಿಯೊಳಗೆ ನುಗ್ಗದಿರಲೆಂದು 1784ರಲ್ಲಿ ಟಿಪ್ಪು ಕಟ್ಟಿಸಿದ ಕಾವಲು ಬುರುಜಿದು. ಭಯಕ್ಕೆ ಕಾರಣವಿತ್ತು. 1780ರ ಡಿಸೆಂಬರಿನಲ್ಲಿ ಬ್ರಿಟಿಷ್ ಅಡ್ಮಿರಲ್ ಎಡ್ವರ್ಡ್ ಹ್ಯೂಸ್ ಹೈದರನ ಹಡಗುಗಳನ್ನು ಮಂಗಳೂರಿನೆದುರೇ ನಾಶಮಾಡಿದ್ದ. 1796ರಲ್ಲಿ ಟಿಪ್ಪು ಹೊಸ ನೌಕಾಬಲಕ್ಕೆ ಹೊರಡಿಸಿದ ಆಜ್ಞೆಯಲ್ಲಿ 20 ಫ್ರಿಗೇಟುಗಳಿದ್ದವು. ಅವನ್ನು ಕಟ್ಟಬೇಕಿದ್ದ ತಾಣಗಳಲ್ಲಿ ಮಂಗಳೂರೂ ಒಂದು. ಮೂರೇ ವರ್ಷದಲ್ಲಿ ಶ್ರೀರಂಗಪಟ್ಟಣ ಬಿತ್ತು, ಯೋಜನೆಯೂ ಮುಗಿಯಿತು.

ಫ್ರಿಗೇಟ್ ಎಂಬ ಯುದ್ಧನೌಕೆಯ ಪ್ರಾಣವೇ ವೇಗ. ವೇಗ ಉಳಿಯಬೇಕಾದರೆ ತಳ ನುಣುಪಾಗಿರಬೇಕು. ಹಡಗಿಗೆ ಬಳಸುತ್ತಿದ್ದ ನಮ್ಮ ಘಟ್ಟದ ಸಾಗುವಾನಿ ಎಣ್ಣೆಯಂಶದ ಮರ; ಓಕ್‌ನ ಹುಳಿ ತಿಂದು ಹಾಕುವ ಕಬ್ಬಿಣದ ಮೊಳೆ ಇದರಲ್ಲಿ ಬಹುಕಾಲ ಬಾಳುತ್ತದೆ. ಆದರೂ ಬೆಚ್ಚಗಿನ ಕಡಲಿನಲ್ಲಿ ಹಡಗುಹುಳುವಿನ ಕಾಟ ತಪ್ಪದು. ಹೆಸರಿಗೆ ಹುಳು, ನಿಜದಲ್ಲಿ ಅದು ನಾವು ಸುಕ್ಕ ಮಾಡಿ ತಿನ್ನುವ ಮರುವಾಯಿಯ ದಾಯಾದಿ. ಚಿಪ್ಪಿನ ಅಂಚನ್ನೇ ಅರದಂತೆ ಬಳಸಿ ಮರವನ್ನು ಕೊರೆಯುತ್ತದೆ.

ಅದಕ್ಕೆ ಮದ್ದು ತಾಮ್ರದ ತಗಡು. 1761ರಲ್ಲಿ ಬ್ರಿಟನ್ನಿನ ‘ಅಲಾರ್ಮ್’ ಎಂಬ ಫ್ರಿಗೇಟಿನ ತಳಕ್ಕೆ ಅದನ್ನು ಹೊದಿಸಿದರು. ಹುಳು ಹತ್ತಿರ ಸುಳಿಯಲಿಲ್ಲ, ಆದರೆ ಕಬ್ಬಿಣದ ಮೊಳೆಗಳು ತಿಂದುಹೋಗಿದ್ದವು. ತಗಡು ಸುತ್ತಿ ತಂದಿದ್ದ ಕಂದು ಕಾಗದ ಎಲ್ಲಿ ಹರಿಯದೆ ಉಳಿದಿತ್ತೋ ಅಲ್ಲಿನ ಮೊಳೆ ಮಾತ್ರ ಗಟ್ಟಿ! ಉಪ್ಪುನೀರಿನಲ್ಲಿ ಎರಡು ಲೋಹ ಒಂದಕ್ಕೊಂದು ತಾಗಿದರೆ ಬ್ಯಾಟರಿ ಹುಟ್ಟುತ್ತದೆ. ಹೆಚ್ಚು ಚುರುಕಾದ ಲೋಹ, ಇಲ್ಲಿ ಕಬ್ಬಿಣ, ಕರಗುತ್ತದೆ. ಕಾಗದ ಆ ಸಂಪರ್ಕವನ್ನೇ ತಡೆದಿತ್ತು.

ಲೋಹ ಕರಗಿಸುವ ಈ ಶತ್ರುವನ್ನು ಸೇವಕನಾಗಿಸಿದವನು ಬ್ರಿಟಿಷ್ ರಸಾಯನವಿಜ್ಞಾನಿ ಹಂಫ್ರಿ ಡೇವಿ. 1824ರಲ್ಲಿ ಅವನ ಪ್ರಯೋಗಕ್ಕೆ ಸಿಕ್ಕ ‘ಸಮರಂಗ್’ ನಮ್ಮ ಪಶ್ಚಿಮ ಕರಾವಳಿಯ ಕೂಸೇ: ಕೊಚ್ಚಿಯಲ್ಲಿ 1822ರಲ್ಲಿ ನೀರಿಗಿಳಿದ ಸಾಗುವಾನಿಯ ಹಡಗು, 28 ಫಿರಂಗಿಗಳ ಅಥೋಲ್ ವರ್ಗದ್ದು. ಕಡಲನೀರಿನಲ್ಲಿ ಸವೆಯುತ್ತಿದ್ದ ತಾಮ್ರಕ್ಕೆ ತಾಗಿಸಿ ಅವನು ಕಬ್ಬಿಣದ ತುಂಡು ಕೂರಿಸಿದ. ಕಬ್ಬಿಣ ಕರಗಿತು, ತಾಮ್ರ ಉಳಿಯಿತು. ಉಳಿದದ್ದೇ ತೊಡಕಾಯಿತು. ಹೀಗೆ ಕಾಪಾಡಿದ ಹಡಗುಗಳ ತಳಕ್ಕೆ ಕಡಲಕಳೆ, ಬಾರ್ನಕಲ್ ಎಂಬ ಚಿಪ್ಪಿನ ಜೀವಿಗಳು ಮೆತ್ತಿಕೊಂಡವು. ತಾಮ್ರ ಚೂರುಚೂರೇ ಕರಗಿ ನೀರಿಗೆ ವಿಷವಿಟ್ಟರಷ್ಟೇ ಜೀವಿಗಳು ದೂರ ನಿಲ್ಲುತ್ತವೆ ಎಂಬುದು ಆಗ ಗೊತ್ತಾಯಿತು. ಡೇವಿ ಸೋತನೆಂದು ನೌಕಾಪಡೆ ಭಾವಿಸಿತು. ನನಗೆ ಅವನ ಅತಿ ಸೊಗಸಾದ ಕೆಲಸ ಇದೇ ಅನ್ನಿಸುತ್ತದೆ.

ಉಕ್ಕಿನ ಕಾಲ ಬಂದ ಮೇಲೆ ಅವನ ಉಪಾಯಕ್ಕೆ ನಿಜವಾದ ಜಾಗ ಸಿಕ್ಕಿತು. ಈಗ ಉಕ್ಕಿನ ಹಡಗಿನ ತಳಕ್ಕೆ ಸತುವಿನ ಗಟ್ಟಿ ಕೂರಿಸುತ್ತಾರೆ, ಮೇಲೆ ತಾಮ್ರಾಂಶದ ಬಣ್ಣ ಬಳಿಯುತ್ತಾರೆ. ತುಕ್ಕಿಗೊಂದು, ಬಾರ್ನಕಲ್ಲಿಗೊಂದು. ಅರಬ್ಬಿ ಕಡಲ ಯುದ್ಧನೌಕೆಗೂ ದಕ್ಕೆಯ ಉಕ್ಕಿನ ಟ್ರಾಲರಿಗೂ ಇಲ್ಲಿ ವಿಜ್ಞಾನ ಒಂದೇ. ಜೂನ್ ಒಂದರಿಂದ 61 ದಿನ ಯಾಂತ್ರಿಕ ಮೀನುಗಾರಿಕೆಗೆ ರಜೆ. ಆಗ ದಡಕ್ಕೆಳೆದ ದೋಣಿಯ ಚುಕ್ಕಾಣಿಯ ಪಕ್ಕ ಒಮ್ಮೆ ಬಗ್ಗಿ ನೋಡಿ: ಗುಳಿಬಿದ್ದು ಅರ್ಧವಾದ ಬೂದುಬಣ್ಣದ ತುಂಡೊಂದು ಕಂಡರೆ, ಅದೇ ಸತು.